ಹಳೆಯ ವಿಡಿಯೊ 4ಕೆ ಮಾಡಿಸುವ ಮುಂಚೆ: ಯಾವ ದಾರಿ, ಎಲ್ಲಿಯವರೆಗೆ?

"ಇದನ್ನ 4ಕೆ ಮಾಡ್ಬಹುದಾ?" ಹಳೆಯ ವಿಡಿಯೊ ಕೈಗೆ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಇದು. ಒಬ್ಬರ ಹತ್ತಿರ ತೊಂಬತ್ತರ ದಶಕದ ಮದುವೆ ಕ್ಯಾಸೆಟ್ ಇರುತ್ತದೆ. ಇನ್ನೊಬ್ಬರ ಹತ್ತಿರ ವಿಸಿಡಿ. ಮತ್ತೊಬ್ಬರು ಹಳೆಯ ಕೀಪ್ಯಾಡ್ ಫೋನಿನಲ್ಲಿ ಮಗುವಿನ ಮೊದಲ ಹೆಜ್ಜೆ ತೆಗೆದಿಟ್ಟಿರುತ್ತಾರೆ. ಕೆಲವರು ಕಳುವಾದ ಬೈಕಿನ ಸಿಸಿಟಿವಿ ದೃಶ್ಯ ತಂದು, ನಂಬರ್ ಪ್ಲೇಟ್ ಕಾಣೋ ಹಾಗೆ ಮಾಡಿಕೊಡಿ ಅನ್ನುತ್ತಾರೆ.

4ಕೆ ಫೈಲ್ ಯಾರು ಬೇಕಾದರೂ ಮಾಡಿಕೊಡಬಹುದು. ಅದು ಕಷ್ಟದ ಕೆಲಸವೇ ಅಲ್ಲ. ಆ ಫೈಲಿನಲ್ಲಿ ಕಾಣುವುದು ನಿಮ್ಮ ಅಜ್ಜಿಯ ಮುಖವೋ, ಅಜ್ಜಿಯನ್ನು ಹೋಲುವ ಇನ್ಯಾರದೋ ಮುಖವೋ? ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು ಇದನ್ನು. ಯಾಕೆಂದರೆ ರೆಕಾರ್ಡ್ ಆಗದೇ ಇದ್ದದ್ದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲಾರದು. ಇದ್ದದ್ದನ್ನು ಚೆನ್ನಾಗಿ ಹೊರಗೆ ತೆಗೆಯಬಹುದು. ಇಲ್ಲದ್ದನ್ನು ಊಹಿಸಿ ತುಂಬಬಹುದು. ಈ ಎರಡರಲ್ಲಿ ನಿಮಗೆ ಯಾವುದು ಬೇಕು ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಮೊದಲು ಸ್ವಲ್ಪ ಲೆಕ್ಕ

4ಕೆ ಚಿತ್ರದಲ್ಲಿ 3840×2160 ಪಿಕ್ಸೆಲ್ ಇರುತ್ತವೆ. ಹತ್ತಿರ ಹತ್ತಿರ 83 ಲಕ್ಷ ಚುಕ್ಕೆ. ವಿಸಿಡಿಯಲ್ಲಿ ಇರುವುದು 352×288, ಅಂದರೆ ಒಂದು ಲಕ್ಷ ಚಿಲ್ಲರೆ. ಸುಮಾರು 82 ಪಟ್ಟು ವ್ಯತ್ಯಾಸ. ವಿಸಿಡಿಯನ್ನು 4ಕೆಗೆ ಹಿಗ್ಗಿಸಿದರೆ, ಪ್ರತಿ 82 ಚುಕ್ಕೆಗಳಿಗೆ ಒಂದರಷ್ಟು ಮಾಹಿತಿ ಮಾತ್ರ ಡಿಸ್ಕಿನಿಂದ ಬಂದದ್ದು. ಉಳಿದ 81 ಸಾಫ್ಟ್‌ವೇರ್ ತುಂಬಿದ್ದು. ಹಳೆಯ ಫೋನಿನ 3ಜಿಪಿ ಫೈಲಿನದು ಇನ್ನೂ ಕಷ್ಟ. ಎಷ್ಟೋ ಫೋನುಗಳು ತೆಗೆಯುತ್ತಿದ್ದದ್ದು 176×144, ಅಂದರೆ ಬರೀ 25 ಸಾವಿರ ಚುಕ್ಕೆ.

ವಿಎಚ್‌ಎಸ್ ಕ್ಯಾಸೆಟ್ಟಿನ ವಿಷಯದಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಡಿಜಿಟಲ್ ಮಾಡಿದಾಗ 720×576 ಫೈಲ್ ಸಿಗುತ್ತದೆ, ಅಷ್ಟೂ ವಿವರ ಟೇಪಿನಲ್ಲಿ ಇದೆ ಅಂದುಕೊಳ್ಳುತ್ತೇವೆ. ಆದರೆ ವಿಎಚ್‌ಎಸ್‌ನ ನಿಜವಾದ ತಾಕತ್ತು ಸುಮಾರು 240 ಟಿವಿ ಗೆರೆಗಳಷ್ಟು, ಅಂದರೆ ಚಿತ್ರದ ಎತ್ತರದಷ್ಟೇ ಅಗಲದಲ್ಲಿ ಬಿಡಿಬಿಡಿಯಾಗಿ ಕಾಣುವ ಗೆರೆಗಳು. ಚಿತ್ರದ ಪೂರ್ತಿ ಅಗಲಕ್ಕೆ ಲೆಕ್ಕ ಹಾಕಿದರೆ ಸುಮಾರು 320 ಚುಕ್ಕೆ. ಬಣ್ಣದ್ದು ಇನ್ನೂ ಕಡಿಮೆ, ಸುಮಾರು 40 ಗೆರೆ. ಅಗಲಕ್ಕೆ ಐವತ್ತು ಚಿಲ್ಲರೆ ಬಣ್ಣದ ಚುಕ್ಕೆ ಅಷ್ಟೇ.

ಇದನ್ನು ಒಂದು ಮದುವೆ ಸ್ಟೇಜಿನ ಮೇಲೆ ಇಟ್ಟು ನೋಡೋಣ. ಆರತಕ್ಷತೆಯಲ್ಲಿ ಮನೆಯವರೆಲ್ಲ ಸಾಲಾಗಿ ನಿಂತಿದ್ದಾರೆ. ಕ್ಯಾಮೆರಾದಲ್ಲಿ ಕಾಣುವ ಅಗಲ ನಾಲ್ಕು ಮೀಟರ್. ಒಂದು ಚುಕ್ಕೆಗೆ ಒಂದೂಕಾಲು ಸೆಂಟಿಮೀಟರ್ ಬಿತ್ತು. ಅಜ್ಜಿಯ ಮುಖದ ಅಗಲ ಹದಿನೈದು ಸೆಂಟಿಮೀಟರ್ ಅಂದರೆ, ಆ ಮುಖಕ್ಕೆ ಸಿಕ್ಕಿದ್ದು ಹನ್ನೆರಡು ಚುಕ್ಕೆ. ಅರ್ಧ ಸೆಂಟಿಮೀಟರ್ ಮೂಗುಬೊಟ್ಟಿಗೆ ಅರ್ಧ ಚುಕ್ಕೆಯೂ ಇಲ್ಲ. ಲೈಟ್ ಬಿದ್ದು ಹೊಳೆದಿದ್ದರೆ ಮೂಗಿನ ಪಕ್ಕ ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಅಷ್ಟೆ. ಬಣ್ಣದ ಒಂದೊಂದು ಚುಕ್ಕೆ ಏಳೂವರೆ ಸೆಂಟಿಮೀಟರ್ ಅಗಲ. ಹಾಗಾಗಿ ಹಣೆಯ ಕುಂಕುಮದ ಕೆಂಪು ಹಣೆಯಲ್ಲಿ ನಿಲ್ಲುವುದಿಲ್ಲ, ಕೆನ್ನೆವರೆಗೂ ಹರಡಿಕೊಳ್ಳುತ್ತದೆ. ಸೀರೆಯ ಕೆಂಪು ಪಕ್ಕದವರ ಬಿಳಿ ಪಂಚೆಗೆ ಇಳಿಯುವುದೂ ಇದೇ ಕಾರಣಕ್ಕೆ.

"ಮತ್ತೆ ಹಳೆಯ ಸಿನಿಮಾಗಳನ್ನ 4ಕೆ ಮಾಡ್ತಾರಲ್ಲ?" ಅಂತ ಕೇಳಬಹುದು. ಅದು ಬೇರೆ ಕಥೆ. ಸಿನಿಮಾ ತೆಗೆದದ್ದು ಫಿಲ್ಮಿನ ಮೇಲೆ. 35 ಎಂಎಂ ನೆಗೆಟಿವ್‌ನಲ್ಲಿ ಆಗಿನ ಟಿವಿ ತೋರಿಸಲಾರದಷ್ಟು ವಿವರ ಮೊದಲಿಂದಲೂ ಇತ್ತು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದರ ಮೂಲ ನೆಗೆಟಿವ್ ಉಳಿದಿತ್ತು, ಅದನ್ನು ಸ್ಕ್ಯಾನ್ ಮಾಡಿದರು. ಅಲ್ಲಿ ಕಾಣುವ ವಿವರ ನೆಗೆಟಿವ್‌ನಿಂದ ಬಂದದ್ದು. ಅದೇ ಸಿನಿಮಾದ ಟಿವಿ ರೆಕಾರ್ಡಿಂಗ್ ಮಾತ್ರ ಉಳಿದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ 8 ಎಂಎಂ ಫಿಲ್ಮ್ ರೀಲ್ ಇದ್ದರೆ ಅದನ್ನು ವಿಡಿಯೊ ಕ್ಯಾಸೆಟ್ ಜೊತೆ ಸೇರಿಸಬೇಡಿ. ಫಿಲ್ಮ್ ಸ್ಕ್ಯಾನ್ ಮಾಡುವವರ ಹತ್ತಿರವೇ ಕೊಡಿ.

ಮೊದಲ ದಾರಿ: ಮೂಲಕ್ಕೇ ಹೋಗುವುದು

ನನ್ನನ್ನು ಕೇಳಿದರೆ, ದುಡ್ಡು ಖರ್ಚು ಮಾಡಬೇಕಾದ್ದು ಇಲ್ಲಿ. ಜನ ಎಐಗೆ ಹಾಕುವ ಫೈಲ್ ನೋಡಿದರೆ ಹೊಟ್ಟೆ ಉರಿಯುತ್ತದೆ. ಕ್ಯಾಸೆಟ್ಟನ್ನು ಹದಿನೈದಿಪ್ಪತ್ತು ವರ್ಷದ ಹಿಂದೆ ಯಾರೋ ವಿಸಿಡಿ ಮಾಡಿದ್ದು. ಆ ವಿಸಿಡಿಯನ್ನು ಇನ್ಯಾರೋ ಎಂಪಿ4 ಮಾಡಿ ಪೆನ್‌ಡ್ರೈವಿಗೆ ಹಾಕಿದ್ದು. ಅದು ವಾಟ್ಸಾಪಿನಲ್ಲಿ ಬಂದು ಮತ್ತೆ ಕುಗ್ಗಿದ್ದು. ಮೂಲ ಕ್ಯಾಸೆಟ್ ಮಾತ್ರ ಬೀರುವಿನಲ್ಲಿ ಸುಮ್ನೆ ಕೂತಿರುತ್ತದೆ! ವಿಸಿಡಿ ಮಾಡುವಾಗಲೇ ಚಿತ್ರದ 576 ಗೆರೆಗಳಲ್ಲಿ ಅರ್ಧ ಹೋಗಿರುತ್ತವೆ. ಸೆಕೆಂಡಿಗೆ 50 ಸಲ ಬದಲಾಗುತ್ತಿದ್ದ ಚಲನೆ 25ಕ್ಕೆ ಇಳಿದಿರುತ್ತದೆ. ವಿಸಿಡಿಯ ಎಂಪೆಗ್-1 ಕುಗ್ಗಿಸುವಿಕೆಯ ಚೌಕ ಚೌಕಗಳು ಮುಖದ ಮೇಲೆ ಕೂತಿರುತ್ತವೆ. ಮೂಲದಿಂದ ಮತ್ತೆ ಒಂದು ಸಲ ಸರಿಯಾಗಿ ಕ್ಯಾಪ್ಚರ್ ಮಾಡಿದರೆ (ಕ್ಯಾಸೆಟ್ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡರೆ) ಇಷ್ಟೂ ನಷ್ಟ ವಾಪಸ್ ಬರುತ್ತದೆ. ಅದರಲ್ಲಿ ಒಂದು ಚೂರೂ ಊಹೆ ಇಲ್ಲ.

ಆದರೆ ತಡ ಮಾಡುವ ಹಾಗಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೆಯ ಮಷಿನ್‌ಗಳೇ. ಮಳೆ ಜಾಸ್ತಿ ಇರುವ ಮಲೆನಾಡು, ಕರಾವಳಿ ಕಡೆಯ ಕ್ಯಾಸೆಟ್‌ಗಳಲ್ಲಿ ಬಿಳಿ ಫಂಗಸ್ ಹಿಡಿದಿರುವುದು ಮಾಮೂಲು. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದರೆ ಸುರುಳಿಯ ಮೇಲೆ ಬೂದಿ ಬಿದ್ದ ಹಾಗೆ ಕಾಣುತ್ತದೆ. ಹಾಗಿದ್ದರೆ ವಿಸಿಆರ್‌ಗೆ ಹಾಕಲೇಬೇಡಿ. ಹೆಡ್ ಕೆಡುತ್ತದೆ, ಟೇಪೂ ಹರಿಯಬಹುದು. ಮೊದಲು ಕ್ಲೀನ್ ಮಾಡಿಸಿ.

ಕ್ಯಾಪ್ಚರ್ ಮಾಡುವವರ ಹತ್ತಿರ ಹೀಗೆ ಹೇಳಿ: ಎಸ್-ವಿಡಿಯೊ ಔಟ್ ಇರುವ ವಿಸಿಆರ್ ಇದ್ದರೆ ಅದನ್ನೇ ಬಳಸಿ. ಟೈಮ್ ಬೇಸ್ ಕರೆಕ್ಟರ್ ಇರಲಿ, ಇಲ್ಲದಿದ್ದರೆ ನಿಂತ ಕಂಬವೂ ಅಲ್ಲಾಡುತ್ತದೆ. ಫೈಲನ್ನು ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿ ಥರದ, ಏನೂ ಕಳೆಯದ ಫಾರ್ಮ್ಯಾಟಿನಲ್ಲಿ ಕೊಡಿ. ಇಂಟರ್‌ಲೇಸ್ (ಒಂದೇ ಚಿತ್ರದೊಳಗಿನ ಸಮ-ಬೆಸ ಗೆರೆಗಳ ಎರಡು ಅರ್ಧ) ತೆಗೆಯಬೇಡಿ, ಇದ್ದ ಹಾಗೇ ಇರಲಿ. ಇನ್ನೊಂದು ಮುಖ್ಯ ಮಾತು. 4:3 ಚಿತ್ರವನ್ನು ಈಗಿನ ಟಿವಿಗೆ ತುಂಬಿಸಲು 16:9ಕ್ಕೆ ಎಳೆಯಬೇಡಿ. ಎಳೆದರೆ ಎಲ್ಲರೂ ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಮದುಮಗಳ ಮುಖವೇ ಬದಲಾಗಿಬಿಡುತ್ತದೆ. ಅಕ್ಕಪಕ್ಕ ಕಪ್ಪು ಪಟ್ಟಿ ಇದ್ದರೆ ಏನೂ ತೊಂದರೆ ಇಲ್ಲ.

ಮಿನಿಡಿವಿ ಟೇಪ್ ಇದ್ದವರು ಅದೃಷ್ಟವಂತರು. ಅದು ಮೊದಲೇ ಡಿಜಿಟಲ್. ಫೈರ್‌ವೈರ್ ಕೇಬಲ್ ಹಾಕಿ ತೆಗೆದರೆ ಟೇಪಿನಲ್ಲಿದ್ದ ಡೇಟಾ ಹಾಗೇ ಕಂಪ್ಯೂಟರಿಗೆ ಬರುತ್ತದೆ. ಒಂದು ಗಂಟೆಗೆ ಸುಮಾರು 13 ಜಿಬಿ. ಹಳದಿ-ಕೆಂಪು-ಬಿಳಿ ಕೇಬಲ್ಲಿನಲ್ಲಿ ತೆಗೆಯುತ್ತೇವೆ ಅನ್ನುವವರಿಗೆ ಮಿನಿಡಿವಿ ಕೊಡಬೇಡಿ.

ಎರಡನೆಯ ದಾರಿ: ಗೆರೆ ತೆಗೆದು, ಸಾದಾ ಹಿಗ್ಗಿಸುವುದು

ನಮ್ಮ ದೇಶದ ಹಳೆಯ ವಿಡಿಯೊ ಕ್ಯಾಸೆಟ್ ಹೆಚ್ಚುಕಡಿಮೆ ಎಲ್ಲ ಪಾಲ್ ಅನ್ನುವ ಟಿವಿ ಪದ್ಧತಿಯದು. ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರದಲ್ಲೂ ಎರಡು ಅರ್ಧ. ಸಮ ಗೆರೆಗಳು ಒಂದು ಕ್ಷಣದ್ದು, ಬೆಸ ಗೆರೆಗಳು ಐವತ್ತನೇ ಒಂದು ಸೆಕೆಂಡ್ ಆಚೆಯದ್ದು. ಇದೇ ಇಂಟರ್‌ಲೇಸ್. ಹಳೆಯ ಟಿವಿಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ, ಯಾರಾದರೂ ಕೈ ಬೀಸಿದಾಗ ಕೈಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಂಡಿರುತ್ತದೆ. "ಕ್ಲಾರಿಟಿ ಇಲ್ಲ" ಅಂತ ಜನ ಬೈಯುವುದರಲ್ಲಿ ದೊಡ್ಡ ಪಾಲು ಇದೇ.

ಇದನ್ನು ಸರಿಯಾಗಿ ಬಿಡಿಸಿದರೆ ವಿಡಿಯೊ ಅರ್ಧಕ್ಕರ್ಧ ಸುಧಾರಿಸುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಇದೆ, ಬೇಗ ಮುಗಿಯುತ್ತದೆ. ಕ್ಯೂಟಿಜಿಎಂಸಿ ನಿಧಾನ, ಆದರೆ ಫಲ ಇನ್ನೂ ಚೆನ್ನ. ಯಾವುದನ್ನೇ ಬಳಸಿ, ಸೆಕೆಂಡಿಗೆ 50 ಫ್ರೇಮ್ ಇಟ್ಟುಕೊಳ್ಳಿ. 25ಕ್ಕೆ ಇಳಿಸಿದರೆ ಚಲನೆಯ ಅರ್ಧ ಬಿಸಾಡಿದ ಹಾಗೆ. ಡೊಳ್ಳು ಕುಣಿತ, ಯಕ್ಷಗಾನ, ಕಬಡ್ಡಿ ಥರದ ವೇಗದ ದೃಶ್ಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಆಮೇಲೆ ಲ್ಯಾಂಕ್ಸೋಸ್ ಥರದ ಸಾದಾ ಲೆಕ್ಕದಿಂದ ಹಿಗ್ಗಿಸಿ. ಇದು ಇರುವ ಚುಕ್ಕೆಗಳ ನಡುವೆ ನಯವಾಗಿ ತುಂಬುತ್ತದೆ, ಹೊಸದೇನನ್ನೂ ಕಲ್ಪಿಸುವುದಿಲ್ಲ. ಚಿತ್ರ ಸ್ವಲ್ಪ ಮೆತ್ತಗೆ ಕಾಣುತ್ತದೆ, ಆದರೆ ಸುಳ್ಳಿರುವುದಿಲ್ಲ. ಹಳದಿಗೆ ತಿರುಗಿದ ಬಣ್ಣ ತಿದ್ದಿ, ನಾಯ್ಸ್ (ಚಿತ್ರದ ಮೇಲೆ ಕುಣಿಯುವ ಚುಕ್ಕೆಗಳು) ಸ್ವಲ್ಪವೇ ಇಳಿಸಿ. ಶಾರ್ಪ್‌ನೆಸ್ ಮಾತ್ರ ಜಾಸ್ತಿ ಏರಿಸಬೇಡಿ. ಏರಿಸಿದರೆ ಎಲ್ಲರ ತಲೆಯ ಸುತ್ತ ಬಿಳಿ ಅಂಚು ಏಳುತ್ತದೆ.

ಮನೆಯ ಕ್ಯಾಸೆಟ್‌ಗಳಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ.

ಮೂರನೆಯ ದಾರಿ: ಎಐ

ಟೋಪಾಝ್ ಕಂಪನಿಯ ವಿಡಿಯೊ ಸಾಫ್ಟ್‌ವೇರ್ ದುಡ್ಡು ಕೊಟ್ಟು ತೆಗೆದುಕೊಳ್ಳುವಂಥದ್ದು. ವಿಡಿಯೊ2ಎಕ್ಸ್, ರಿಯಲ್-ಇಎಸ್‌ಆರ್‌ಗ್ಯಾನ್ ಉಚಿತ. ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ. ಲಕ್ಷಾಂತರ ಚಿತ್ರಗಳನ್ನು ಕುಗ್ಗಿಸಿ ಕೆಡಿಸಿ, ಕೆಟ್ಟದ್ದರಿಂದ ಒಳ್ಳೆಯದನ್ನು ಊಹಿಸುವುದನ್ನು ಅದಕ್ಕೆ ಕಲಿಸಿರುತ್ತಾರೆ. ನಿಮ್ಮ ವಿಡಿಯೊ ಕೊಟ್ಟಾಗ, "ಇಂಥ ಮಸುಕಿನ ಹಿಂದೆ ಸಾಮಾನ್ಯವಾಗಿ ಏನಿರುತ್ತದೆ" ಅನ್ನುವುದನ್ನು ಅದು ಬರೆಯುತ್ತದೆ. ಸಾಮಾನ್ಯವಾಗಿ ಇರುವುದನ್ನು. ನಿಮ್ಮ ಮನೆಯಲ್ಲಿ ಇದ್ದದ್ದು ಏನು ಅಂತ ಅದಕ್ಕೆ ಗೊತ್ತಿಲ್ಲ.

ಮಾಹಿತಿ ಸಾಕಷ್ಟು ಇದ್ದಾಗ ಊಹೆ ಚೆನ್ನಾಗಿ ಕೂರುತ್ತದೆ. ಮಿನಿಡಿವಿಯಲ್ಲಿ ಮುಖ ಹತ್ತಿರದಿಂದ ತೆಗೆದಿದ್ದರೆ, 720 ಪಿ ವಿಡಿಯೊವನ್ನು 1080ಕ್ಕೆ ಏರಿಸಬೇಕಿದ್ದರೆ, ಕಾರ್ಟೂನ್ ಆಗಿದ್ದರೆ, ಎಐ ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತದೆ. ಒಳ್ಳೆಯ ಮಾಡೆಲ್‌ಗಳು ಅಕ್ಕಪಕ್ಕದ ಫ್ರೇಮ್‌ಗಳನ್ನೂ ನೋಡುತ್ತವೆ. ಒಂದರಲ್ಲಿ ಕಾಣದ ಅಂಚು ಇನ್ನೊಂದರಲ್ಲಿ ಕಂಡಿರುತ್ತದೆ, ಅದು ನಿಜವಾದ ವಿವರವೇ. ಅಗಲ, ಎತ್ತರ ಎರಡೆರಡು ಪಟ್ಟು ಆಗುವವರೆಗೆ ಹೋಗಿ. ಅದರಾಚೆ ಹೋಗಬೇಡಿ ಅನ್ನುತ್ತೇನೆ.

ಹನ್ನೆರಡು ಚುಕ್ಕೆಯ ಮುಖ ಕೊಟ್ಟಾಗ ಏನಾಗುತ್ತದೆ ಅಂತ ವಿಡಿಯೊ ನಿಲ್ಲಿಸಿ ಹತ್ತಿರದಿಂದ ನೋಡಿ. ಕಣ್ಣಿಗೆ ಚೂಪಾದ ರೆಪ್ಪೆ ಬಂದಿರುತ್ತದೆ. ಚರ್ಮ ಮೇಣದಷ್ಟು ನಯ. ಅಜ್ಜಿಯ ಸುಕ್ಕು ಮಾಯ. ಮೂಗುಬೊಟ್ಟಿನ ಬೆಳಕನ್ನು ನಾಯ್ಸ್ ಅಂದುಕೊಂಡು ಒರೆಸಿರುತ್ತದೆ. ಮುಡಿದ ಮಲ್ಲಿಗೆ ದಂಡೆ ಗಂಟು ಗಂಟಾದ ಬಿಳಿ ಹಗ್ಗ ಆಗಿರುತ್ತದೆ. ಸೀರೆಯ ಜರಿ ಅಂಚಿನಲ್ಲಿ ಯಾವ ನೇಕಾರನೂ ನೇಯದ ಚಿತ್ತಾರ. ಹಿಂದಿನ ಥರ್ಮಾಕೋಲ್ ಬೋರ್ಡಿನಲ್ಲಿ ವಧೂವರರ ಹೆಸರು ಕನ್ನಡದಲ್ಲಿ ಬರೆದಿದ್ದರೆ ಅದನ್ನೂ ನೋಡಿ. ಒತ್ತಕ್ಷರಗಳೆಲ್ಲ ಅಕ್ಷರದಂತೆ ಕಾಣುವ, ಆದರೆ ಯಾವ ಅಕ್ಷರವೂ ಆಗದ ಗೀಟುಗಳಾಗಿರುತ್ತವೆ. ಅಜ್ಜಿ ತಲೆ ತಿರುಗಿಸಿದರೆ ಮುಂದಿನ ಫ್ರೇಮಿನಲ್ಲಿ ಮುಖ ಸ್ವಲ್ಪ ಬೇರೆ. ಪರಿಚಯ ಇಲ್ಲದವರಿಗೆ ಇದೆಲ್ಲ "ಸೂಪರ್ ಕ್ಲಾರಿಟಿ" ಅನ್ನಿಸುತ್ತದೆ. ಮನೆಯವರಿಗೆ ಮಾತ್ರ, ಇವರು ನಮ್ಮವರಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಇದು ಒಂದೆರಡು ಸಾಫ್ಟ್‌ವೇರಿನ ದೋಷ ಅಲ್ಲ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಅನ್ನುವ ಉಪಕರಣ ಹೊರತಂದರು. ಚೌಕ ಚೌಕವಾದ ಪುಟ್ಟ ಮುಖದಿಂದ ಅದು ದೊಡ್ಡ, ಸ್ಪಷ್ಟ ಮುಖ ಕೊಡುತ್ತಿತ್ತು. ಬರಾಕ್ ಒಬಾಮ ಅವರ ಚಿತ್ರವನ್ನು ಚೌಕ ಮಾಡಿ ಕೊಟ್ಟರೆ ಹೊರಗೆ ಬಂದದ್ದು ಒಬ್ಬ ಬಿಳಿಯನ ಮುಖ. ಅದಕ್ಕೂ ಎರಡು ವರ್ಷ ಮುಂಚೆ, 2018ರಲ್ಲಿ, ಇಸ್ರೇಲಿನ ಟೆಕ್ನಿಯಾನ್‌ನ ಬ್ಲಾವ್ ಮತ್ತು ಮಿಖಾಯೆಲಿ ಇದನ್ನು ಗಣಿತದಲ್ಲೇ ತೋರಿಸಿದ್ದರು. ಒಂದು ಮಟ್ಟ ದಾಟಿದ ಮೇಲೆ, ಚಿತ್ರ ಕಣ್ಣಿಗೆ ಸಹಜವಾಗಿ ಕಾಣಬೇಕಾದರೆ ಮೂಲಕ್ಕೆ ನಿಷ್ಠೆ ಕಡಿಮೆಯಾಗಲೇಬೇಕು. ಎರಡನ್ನೂ ಒಟ್ಟಿಗೆ ಏರಿಸಲು ಆಗುವುದಿಲ್ಲ.

ಹಾಗಾಗಿ ಎಐ ಮಾಡಿಸುವವರು ಪೂರ್ತಿ ಕ್ಯಾಸೆಟ್ ಕೊಡುವ ಮುಂಚೆ ಅರ್ಧ ನಿಮಿಷ ಮಾಡಿಸಿ ನೋಡಿ. ಧಾರೆ ಎರೆಯುವ ಹತ್ತಿರದ ದೃಶ್ಯ ಆರಿಸಬೇಡಿ, ಅದು ಚೆನ್ನಾಗೇ ಬರುತ್ತದೆ. ಊಟದ ಪಂಕ್ತಿಯನ್ನು ದೂರದಿಂದ ತೆಗೆದದ್ದು, ಗ್ರೂಪ್ ಫೋಟೊ, ಕತ್ತಲಲ್ಲಿ ಮೆರವಣಿಗೆ, ಇಂಥದ್ದನ್ನು ಆರಿಸಿ. ಮನೆಯಲ್ಲಿ ಹಿರಿಯರಿದ್ದರೆ ತೋರಿಸಿ, ಇದು ಯಾರು ಅಂತ ಕೇಳಿ. ಫೇಸ್ ರಿಕವರಿ, ಫೇಸ್ ಎನ್‌ಹ್ಯಾನ್ಸ್ ಅನ್ನುವ ಆಯ್ಕೆ ಇದ್ದರೆ ಆಫ್ ಮಾಡಿಸಿ. ಮುಖ ಬದಲಾಗುವುದಕ್ಕೆ ಅದೇ ದೊಡ್ಡ ಕಾರಣ.

ಏನೂ ಮಾಡದೆ ಇರುವುದೂ ಒಂದು ದಾರಿ

576 ಗೆರೆಯ ವಿಡಿಯೊ ಹಾಕಿದರೆ 4ಕೆ ಟಿವಿ ತಾನೇ ಹಿಗ್ಗಿಸಿ ತೋರಿಸುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ 2023ರಿಂದ ಬ್ರೌಸರಿನೊಳಗೇ ಎಐ ಹಿಗ್ಗಿಸುವಿಕೆ ಇದೆ. ಇದರ ಅನುಕೂಲ ಏನೆಂದರೆ, ಫೈಲ್ ಮುಟ್ಟುವುದಿಲ್ಲ. ಮುಂದೆ ಇನ್ನೂ ಒಳ್ಳೆಯ ತಂತ್ರ ಬಂದರೆ ಅದೇ ಮೂಲದಿಂದ ಶುರು ಮಾಡಬಹುದು.

ಯೂಟ್ಯೂಬಿಗೆ ಹಾಕುವವರಿಗೆ ಒಂದು ವಿಷಯ. ಅಲ್ಲಿ ಕಡಿಮೆ ರೆಸಲ್ಯೂಷನ್ ವಿಡಿಯೊಗೆ ಸಿಗುವ ಬಿಟ್‌ರೇಟ್ (ಒಂದೊಂದು ಸೆಕೆಂಡಿಗೆ ಸಿಗುವ ಡೇಟಾ) ತುಂಬಾ ಕಡಿಮೆ. ಸಾದಾ ವಿಧಾನದಲ್ಲಿ 1440 ಪಿ ಅಥವಾ 4ಕೆಗೆ ಹಿಗ್ಗಿಸಿ ಹಾಕಿದರೆ ಬಿಟ್‌ರೇಟ್ ಜಾಸ್ತಿ ಸಿಗುತ್ತದೆ, ಚೌಕಗಳು ಕಡಿಮೆ ಆಗುತ್ತವೆ. ವಿವರ ಹೆಚ್ಚುವುದಿಲ್ಲ, ಇದ್ದದ್ದು ಉಳಿಯುತ್ತದೆ.

ಸಿಸಿಟಿವಿ: ಇಲ್ಲಿ ಎಐ ಬೇಡವೇ ಬೇಡ

ಮದುವೆ ವಿಡಿಯೊದಲ್ಲಿ ಊಹೆ ತಪ್ಪಿದರೆ ಬೇಜಾರಾಗುತ್ತದೆ. ಇಲ್ಲಿ ತಪ್ಪಿದರೆ ಯಾರದೋ ಮನೆ ಬಾಗಿಲಿಗೆ ಪೊಲೀಸರು ಹೋಗುತ್ತಾರೆ.

ಬೈಕಿನ ಹಿಂದಿನ ನಂಬರ್ ಪ್ಲೇಟ್ 200×100 ಮಿಲಿಮೀಟರ್. ಹಳೆಯ ಡಿವಿಆರ್ (ಸಿಸಿಟಿವಿ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) 352 ಪಿಕ್ಸೆಲ್ ಅಗಲದಲ್ಲಿ ರೆಕಾರ್ಡ್ ಮಾಡಿದೆ, ಕ್ಯಾಮೆರಾ ಹತ್ತು ಮೀಟರ್ ರಸ್ತೆ ತೋರಿಸುತ್ತಿದೆ ಅಂತಿಟ್ಟುಕೊಳ್ಳಿ. ಮೀಟರಿಗೆ 35 ಪಿಕ್ಸೆಲ್. ಇಡೀ ಪ್ಲೇಟಿನ ಅಗಲಕ್ಕೆ ಏಳು. ಕೆಳಗಿನ ಸಾಲಿನಲ್ಲಿ ಆರು ಅಕ್ಷರ ಇದ್ದರೆ ಅಕ್ಷರಕ್ಕೆ ಹತ್ತಿರ ಹತ್ತಿರ ಒಂದೇ ಚುಕ್ಕೆ. ಒಂದು ಚುಕ್ಕೆ 3 ಕೂಡ ಆಗಬಹುದು, 8 ಕೂಡ ಆಗಬಹುದು. ಎಐಗೆ ಕೊಟ್ಟರೆ ಅಚ್ಚುಕಟ್ಟಾದ ಒಂದು ನಂಬರ್ ಕೊಡಬಹುದು. ಅದು ಯಾವುದೋ ಊರಿನ ಯಾರದೋ ಬೈಕಿನ ನಂಬರ್ ಆಗಿರುತ್ತದೆ.

ಅದೇ ಜಾಗದಲ್ಲಿ 1080 ಪಿ ರೆಕಾರ್ಡಿಂಗ್ ಇದ್ದರೆ ಮೀಟರಿಗೆ 192 ಪಿಕ್ಸೆಲ್, ಅಕ್ಷರಕ್ಕೆ ಆರು ಚುಕ್ಕೆ. ಬೆಳಕು ಚೆನ್ನಾಗಿದ್ದು ಬೈಕ್ ನಿಧಾನ ಇದ್ದರೆ ಓದಲು ಒಂದು ಆಸೆ ಇದೆ. ಐಇಸಿ 62676-4 ಅನ್ನುವ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಅಪರಿಚಿತ ವ್ಯಕ್ತಿಯನ್ನು ಗುರುತಿಸಲು ಮೀಟರಿಗೆ 250 ಪಿಕ್ಸೆಲ್ ಬೇಕು. ಪರಿಚಯದವರಾದರೆ 125. ಹೊಸ ಕ್ಯಾಮೆರಾ ಹಾಕಿಸುವವರು ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಇಡೀ ರಸ್ತೆ ತೋರಿಸುವ ಕ್ಯಾಮೆರಾ ಒಂದಿರಲಿ, ಗೇಟನ್ನು ಹತ್ತಿರದಿಂದ ನೋಡುವುದು ಇನ್ನೊಂದಿರಲಿ.

ಫೊರೆನ್ಸಿಕ್ ತಜ್ಞರು ಮಾಡುವ ಕೆಲಸ ಬೇರೆ. ಬೆಳಕು ತಿದ್ದುವುದು, ನಿಂತಿರುವ ಗಾಡಿಯ ಹಲವು ಫ್ರೇಮ್ ಜೋಡಿಸಿ ನಾಯ್ಸ್ ಇಳಿಸುವುದು, ಓರೆಯಾದ ಪ್ಲೇಟನ್ನು ನೇರ ಮಾಡುವುದು. ಪ್ರತಿ ಹೆಜ್ಜೆಯನ್ನೂ ಬರೆದಿಡುತ್ತಾರೆ. ಇನ್ನೊಬ್ಬರು ಅದೇ ಹೆಜ್ಜೆ ಹಾಕಿದರೆ ಅದೇ ಚಿತ್ರ ಬರಬೇಕು. 2024ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ ಒಂದು ಕೊಲೆ ಮೊಕದ್ದಮೆಯ ವಿಚಾರಣೆ ನಡೆದಿತ್ತು. ಆರೋಪಿ ಕಡೆಯವರು ಎಐನಲ್ಲಿ ಸ್ಪಷ್ಟ ಮಾಡಿದ ಫೋನ್ ವಿಡಿಯೊ ತಂದಾಗ ನ್ಯಾಯಾಧೀಶರು ಅದನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ (ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಗುರುತು) ಬರೆಯಬೇಕು. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬದಲಾಗುತ್ತದೆ. ಹಾಗಾಗಿ ನೀವೇ "ಸ್ವಲ್ಪ ಕ್ಲಿಯರ್ ಮಾಡಿ" ಕೊಡಲು ಹೋಗಬೇಡಿ.

ನೀವು ಮಾಡಬೇಕಾದ್ದು ಬೇಗ ಓಡುವುದು. ಡಿವಿಆರ್ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ, ತಡ ಮಾಡಿದರೆ ದೃಶ್ಯವೇ ಇರುವುದಿಲ್ಲ. ಮಾನಿಟರ್ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿಕೊಂಡರೆ ಸಾಲದು. ಮೊಬೈಲ್ ಆ್ಯಪಿನಿಂದ ಇಳಿಸಿಕೊಂಡರೂ ಎಷ್ಟೋ ಸಲ ಸಿಗುವುದು ಸಬ್ ಸ್ಟ್ರೀಮ್, ಅಂದರೆ ಚಿಕ್ಕ ಪ್ರತಿ. ಡಿವಿಆರ್‌ಗೇ ಪೆನ್‌ಡ್ರೈವ್ ಹಾಕಿ ಮೇನ್ ಸ್ಟ್ರೀಮ್ ತೆಗೆಸಿ, ಅದರದೇ ಫಾರ್ಮ್ಯಾಟಿನಲ್ಲಿ, ಪ್ಲೇಯರ್ ಸಮೇತ. ಡಿವಿಆರ್ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಅಂತ ಆಗಲೇ ಬರೆದುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಕ್ಯಾಸೆಟ್ ಇನ್ನೂ ಇದ್ದರೆ ಮರು ಕ್ಯಾಪ್ಚರ್, ಆಮೇಲೆ ಇಂಟರ್‌ಲೇಸ್ ಬಿಡಿಸಿ 1080ಕ್ಕೆ ಸಾದಾ ಹಿಗ್ಗಿಸುವುದು. ಅಲ್ಲಿಗೆ ನಿಲ್ಲಿಸಿದರೂ ಸಾಕು. ಕ್ಯಾಸೆಟ್ ಕಳೆದುಹೋಗಿ ವಿಸಿಡಿ ಮಾತ್ರ ಉಳಿದಿದ್ದರೆ ಡಿಸ್ಕಿನಲ್ಲಿರುವ ಡ್ಯಾಟ್ ಫೈಲನ್ನೇ ನಕಲು ಮಾಡಿಟ್ಟುಕೊಳ್ಳಿ, ಹಗುರವಾದ ಎಐನಿಂದ ಚೌಕ ಇಳಿಸಿ, ಎರಡು ಪಟ್ಟಿಗಿಂತ ದೊಡ್ಡದು ಮಾಡಬೇಡಿ. ಮಿನಿಡಿವಿಗೆ ಎಐ ಧೈರ್ಯವಾಗಿ ಪ್ರಯತ್ನಿಸಬಹುದು. 3ಜಿಪಿ ವಿಡಿಯೊವನ್ನು ಫೋನಿನಲ್ಲೇ, ಚಿಕ್ಕದಾಗೇ ನೋಡಿ. ದೊಡ್ಡ ಪರದೆಯಲ್ಲಿ ಅದನ್ನು ಯಾರೂ ಉದ್ಧಾರ ಮಾಡಲಾರರು. ಅದರ ಧ್ವನಿಗೆ ಗಮನ ಕೊಡಿ, ಮಗುವಿನ ತೊದಲು ಮಾತು ಅಲ್ಲಿ ಎಷ್ಟೋ ಸಲ ಚಿತ್ರಕ್ಕಿಂತ ಚೆನ್ನಾಗಿ ಉಳಿದಿರುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಕ್ಯಾಪ್ಚರ್ ಆದ ಫೈಲನ್ನು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಎಐನಿಂದ ಬಂದ ಫೈಲಿನ ಹೆಸರಿನಲ್ಲೇ ಎಐ ಅಂತ ಸೇರಿಸಿ, ಯಾವ ಸಾಫ್ಟ್‌ವೇರ್, ಯಾವ ವರ್ಷ ಅಂತಲೂ ಬರೆಯಿರಿ. ಎರಡೂ ಫೈಲ್ ನೆಂಟರ ಕೈಗೆ ಹೋದ ಮೇಲೆ ಯಾವುದು ಮೂಲ ಅಂತ ಹೇಳುವುದು ಆ ಹೆಸರು ಮಾತ್ರ. ಕ್ಯಾಪ್ಚರ್ ಮಾಡಿದವರ ಹತ್ತಿರ ಕ್ಯಾಸೆಟ್ ಬಿಟ್ಟು ಬರಬೇಡಿ, ವಾಪಸ್ ತೆಗೆದುಕೊಂಡು ಬನ್ನಿ. ಪೂರ್ತಿ ಸುತ್ತಿ, ಪುಸ್ತಕದ ಹಾಗೆ ನಿಲ್ಲಿಸಿ, ತೇವ ತಾಗದ ಕಡೆ ಇಡಿ.